ಕಪ್ಪಾಗದ ಬಳೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬರುವ ಒಂದೊಂದು ಮಾತೂ ಸತ್ಯ. ನನ್ನ ಮೀಸೆಯ ಮೇಲೆ ಆಣೆ. ಮೀಸೆ ಈಗಿಲ್ಲ. ಆದರೆ ಅದು ಇದ್ದ ಕಾಲದಲ್ಲಿ ಅದರ ಮೇಲೆ ಆಣೆ ಮಾಡಿ ಯಾರೂ ಕೆಟ್ಟಿಲ್ಲ.

ಜಲಜಾಕ್ಷಿ ಕೇಳಿದಳು: “ಮಾವ, ಕೆಲಸ ಮುಗಿದ ಮೇಲೆ ಅದರಲ್ಲಿ ನಮ್ಮದೇ ಒಂದು ತಪ್ಪು ಗೊತ್ತಾಯಿತು ಅನ್ನಿ. ಅದು ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಆಗಲೂ ಹೇಳಲೇಬೇಕೇ?”

ಕೇಳಿದ್ದು ರೈಲು ಸಂಗ್ರಹಾಲಯದ ಹಿಂದಿರುವ ತಗಡಿನ ಶೆಡ್ಡಿನಲ್ಲಿ. ಅಲ್ಲಿ ನಾವು ಕೆಲವರು ರಜೆಯ ದಿನ ಸೇರುತ್ತೇವೆ. ಸಂಬಳವಿಲ್ಲ, ಬಸ್ ಚಾರ್ಜೂ ಇಲ್ಲ, ಚಹಾ ಕೂಡ ನಮ್ಮದೇ. ಹಳೆಯ ಕರೆಂಟಿನ ರೈಲುಬಂಡಿಗಳನ್ನು ಮತ್ತೆ ಓಡುವ ಹಾಗೆ ಮಾಡುವುದು ಕೆಲಸ. ಈ ಬಂಡಿಗಳನ್ನು ಎಳೆಯಲು ಬೇರೆ ಇಂಜಿನ್ ಬೇಕಿಲ್ಲ. ಮೇಲಿನ ತಂತಿಯಿಂದ ಕರೆಂಟು ಪಡೆದು, ಜನರನ್ನು ಹೊಟ್ಟೆಯೊಳಗೆ ಕೂರಿಸಿಕೊಂಡು, ತಾವೇ ಓಡುತ್ತವೆ. ಶೆಡ್ಡಿನಲ್ಲಿ ನಾನೇ ಹಿರಿಯ. ಎಲ್ಲರೂ ಮಾವ ಎನ್ನುತ್ತಾರೆ. ಕೆಲಸ ಕಲಿತದ್ದು ನನ್ನಿಂದಲೇ ಎಂದೂ ಹೇಳುತ್ತಾರೆ. ಇಡೀ ರೈಲ್ವೆಯೇ ನನ್ನಿಂದ ಕಲಿತದ್ದೆಂಬುದನ್ನು ನಾನು ಸಂಕೋಚದಿಂದ ಯಾರಿಗೂ ಹೇಳುವುದಿಲ್ಲ.

ಜಲಜಾಕ್ಷಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಎರಡನೇ ಬಂಡಿಯ ಮರದ ನೆಲ ಅವಳ ಪಾಲಿಗೆ ಬಂದಿತ್ತು. ಅಂದು ಬೆಳಿಗ್ಗೆ ಕೊನೆಯ ಹಲಗೆ ಕೂರಿಸಿ ಮುಗಿಸಿದ್ದಳು. ನಮ್ಮ ಶೆಡ್ಡಿನಲ್ಲಿ ಮುಗಿದ ಕೆಲಸದ ಮೇಲೆ ಸೀಮೆಸುಣ್ಣದ ಎರಡು ಗುರುತು ಬೀಳಬೇಕು. ಒಂದು ಮಾಡಿದವರದು. ಇನ್ನೊಂದು, ಮುಟ್ಟಿ ತಟ್ಟಿ ನೋಡಿದ ಬೇರೊಬ್ಬರದು. ಆ ಎರಡನೇ ಗುರುತಿಗಾಗಿ ಅವಳು ನನ್ನ ಬಳಿ ಬಂದಿದ್ದಳು. ಬಲಗೈಯಲ್ಲಿ ಸೀಮೆಸುಣ್ಣ ಇತ್ತು. ಎಡಗೈ ಮುಷ್ಟಿ ಕಟ್ಟಿತ್ತು.

“ಎಡಗೈಯಲ್ಲಿ ಏನಮ್ಮ?” ಎಂದೆ.

ಬಿಚ್ಚಿ ತೋರಿಸಿದಳು. ಒಂದು ವಾಷರ್.

“ಡಬ್ಬಿಯಲ್ಲಿ ಉಳಿದುಬಿಟ್ಟಿದೆ ಮಾವ. ಬೋಲ್ಟಿಗೊಂದರಂತೆ ಎಣಿಸಿಯೇ ತಂದಿದ್ದೆ. ಯಾವ ಬೋಲ್ಟಿಗೆ ಹಾಕಲು ಮರೆತೆನೋ ಗೊತ್ತಿಲ್ಲ.”

“ಬಿಚ್ಚಿ ನೋಡು ಮತ್ತೆ.”

“ಅಷ್ಟು ಸುಲಭವೇ? ಮೇಲೊಬ್ಬರು ಬೋಲ್ಟು ಹಿಡಿಯಬೇಕು, ಬಂಡಿಯ ಅಡಿಯಲ್ಲಿ ಮಲಗಿ ಒಬ್ಬರು ನಟ್ಟು ಬಿಚ್ಚಬೇಕು. ಒಬ್ಬಳಿಂದ ಆಗುವ ಕೆಲಸವಲ್ಲ. ಯಾರನ್ನಾದರೂ ಕರೆದರೆ ಯಾಕೆ ಅಂತ ಹೇಳಬೇಕು. ಹೇಳಿದರೆ ಗುರುಶಾಂತಣ್ಣ ನನ್ನನ್ನು ಉಳಿಸುತ್ತಾರೆಯೇ?”

ಗುರುಶಾಂತ ನಮ್ಮಲ್ಲಿ ಬಣ್ಣ ಬಳಿಯುವವನು. ಹಿಂದಿನ ತಿಂಗಳು ಅವನು ತನ್ನ ಬ್ರಷ್ಷನ್ನು ಬಾಗಿಲಿನ ಪೊಳ್ಳಿನೊಳಗೇ ಬಿಟ್ಟು ಮೇಲೆ ತಗಡು ಮುಚ್ಚಿಬಿಟ್ಟಿದ್ದ. ಅದನ್ನು ಇಡೀ ಶೆಡ್ಡಿಗೆ ಅಭಿನಯಿಸಿ ತೋರಿಸಿದವಳು ಇದೇ ಜಲಜಾಕ್ಷಿ.

“ಲೆಕ್ಕದ ಟೀಚರಿಗೆ ಒಂದು ವಾಷರಿನ ಲೆಕ್ಕ ಸಿಗಲಿಲ್ಲ ಅಂತ ಸಾಯುವವರೆಗೂ ಆಡಿಕೊಳ್ಳುತ್ತಾರೆ,” ಎಂದಳು. “ಬರುವ ಭಾನುವಾರ ಜನರನ್ನು ಕೂರಿಸಿ ಓಡಿಸುತ್ತೀವಿ. ಒಂದು ವಾಷರ್ ಇಲ್ಲದಿದ್ದರೆ ಏನಾಗುತ್ತದೆ? ಬಹುಶಃ ಏನೂ ಆಗುವುದಿಲ್ಲ.”

“ಬಹುಶಃ,” ಎಂದೆ. ಸೀಮೆಸುಣ್ಣ ತೆಗೆದುಕೊಳ್ಳಲಿಲ್ಲ. “ಕೂತ್ಕೊ. ಆ ಮೊದಲನೇ ಬಂಡಿಯ ಕತೆ ಹೇಳುತ್ತೇನೆ.”

“ನಿಜವಾದದ್ದೋ, ನಿಮ್ಮದೋ?”

ನಾನು ಆಣೆ ಮಾಡಿದೆ. ಅದೇ ಮೀಸೆಯದು. ಅವಳು ಮರದ ಪೆಟ್ಟಿಗೆಯ ಮೇಲೆ ಕೂತಳು. ನಾನು ಹೇಳಿದೆ.

ಆಗ ಈ ಶೆಡ್ಡಿನಲ್ಲಿ ಬಂಡಿ ಇರಲಿಲ್ಲ, ತುಕ್ಕು ಇತ್ತು. ಈ ತುಕ್ಕಿನೊಳಗೆ ಎರಡು ಬಂಡಿ ಇವೆ ಎಂದು ಮೊದಲು ಕಂಡುಹಿಡಿದವನು ನಾನು. ನಾನು ಒಮ್ಮೆ ಸೀನಿದೆ, ಬಾಗಿಲು ಕಾಣಿಸಿತು. ಇನ್ನೊಮ್ಮೆ ಸೀನಿದ್ದರೆ ಕೆಲಸವೆಲ್ಲ ಅಂದೇ ಮುಗಿಯುತ್ತಿತ್ತು, ಆದರೆ ಉಳಿದವರಿಗೂ ಏನಾದರೂ ಮಾಡಲು ಇರಲಿ ಎಂದು ಮೂಗು ಹಿಡಿದುಕೊಂಡೆ. ಬಂಡಿಯೊಳಗೆ ಒಂದು ಮುಂಗುಸಿ ಸಂಸಾರ ಹೂಡಿತ್ತು. ಅದು ಇದ್ದದ್ದು ಎರಡನೇ ದರ್ಜೆಯಲ್ಲಿ. ಮೊದಲನೇ ದರ್ಜೆ ಖಾಲಿ ಬಿದ್ದಿದ್ದರೂ ಅತ್ತ ಕಾಲಿಡುತ್ತಿರಲಿಲ್ಲ. ಅಷ್ಟು ಮರ್ಯಾದಸ್ಥ ಪ್ರಾಣಿ.

ಸಂಗ್ರಹಾಲಯಕ್ಕೆ ಒಬ್ಬ ಅಧಿಕಾರಿ ಇದ್ದ. ಕೆಟ್ಟವನಲ್ಲ. ಅವನಿಗೆ ಜಾಗ ಬೇಕಿತ್ತು. ಅವನು ಹೇಳಿದ: “ಈ ಮಳೆಗಾಲ ಮುಗಿಯುವುದರೊಳಗೆ ಒಂದು ಬಂಡಿಯಾದರೂ ತಾನಾಗಿ ಓಡಬೇಕು. ಓಡದಿದ್ದರೆ ಎರಡೂ ಗುಜರಿಗೆ ಹೋಗುತ್ತವೆ.”

ಓಡಿಸುತ್ತೇವೆ ಎಂದು ನಾವೆಲ್ಲ ಹೇಳಿದೆವು. ಒಬ್ಬರೂ ಹಿಂದೆ ಸರಿಯಲಿಲ್ಲ. ನಮ್ಮಲ್ಲಿ ಒಬ್ಬ ಅಕ್ಕಸಾಲಿ ಇದ್ದ. ಒಬ್ಬ ಲೈನ್‌ಮನ್ ಇದ್ದ. ಬೇರೆಯವರೂ ಇದ್ದರು, ನಾನಂತೂ ಇದ್ದೇ ಇದ್ದೆ. ಆದರೆ ಕತೆ ಇವರಿಬ್ಬರದು.

ಆಗಲೂ ಸೀಮೆಸುಣ್ಣದ ಗುರುತು ಇತ್ತು. ಆದರೆ ಒಂದೇ ಗುರುತು. ಯಾವ ಭಾಗದ ಮೇಲೆ ಯಾರ ಗುರುತು ಇದೆಯೋ, ಅವರ ಒಪ್ಪಿಗೆ ಇಲ್ಲದೆ ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ಉಪಕಾರ ಮಾಡಲು ಹೋಗಿ ಕೆಡಿಸಬಾರದು ಎಂದು ಮಾಡಿಕೊಂಡ ನಿಯಮ ಅದು. ಒಳ್ಳೆಯ ನಿಯಮವೆಂದೇ ಎಲ್ಲರೂ ತಿಳಿದಿದ್ದೆವು.

ತಂತಿಗಳ ಕೆಲಸ ಲೈನ್‌ಮನ್‌ಗೆ ಬಂತು. ತಾಮ್ರದ ಕೆಲಸ ಅಕ್ಕಸಾಲಿಗೆ ಬಂತು.

ಕರೆಂಟು ಬಂದರೆ ಸಾಲದು ಕಣಮ್ಮ, ಹೋಗಲೂ ಅದಕ್ಕೆ ದಾರಿ ಬೇಕು. ನಿನಗೆ ಗೊತ್ತಿರುವುದೇ. ಆದರೂ ಹೇಳುತ್ತೇನೆ, ನನಗೆ ಹೇಳುವುದೆಂದರೆ ಇಷ್ಟ. ಅದು ಮೇಲಿನ ತಂತಿಯಿಂದ ಇಳಿದು ಮೋಟಾರು ತಿರುಗಿಸುತ್ತದೆ. ಅಲ್ಲಿಂದ ಗಾಲಿಯ ಅಚ್ಚಿಗೆ ಬರುತ್ತದೆ. ಅಚ್ಚಿಗೆ ಒಂದು ತಾಮ್ರದ ಬಳೆ ತೊಡಿಸಿರುತ್ತಾರೆ. ಆ ಬಳೆಗೆ ಒಂದು ಕಾರ್ಬನ್ ತುಂಡು ಒತ್ತಿಕೊಂಡು ಕೂತಿರುತ್ತದೆ. ಮನೆಯ ಮಿಕ್ಸಿಯಲ್ಲಿ ಇರುವಂಥದ್ದೇ, ಆದರೆ ದೊಡ್ಡದು. ಕರೆಂಟು ಕಾರ್ಬನ್ನಿನಿಂದ ಬಳೆಗೆ, ಬಳೆಯಿಂದ ಗಾಲಿಗೆ, ಗಾಲಿಯಿಂದ ಹಳಿಗೆ ಇಳಿದು ಹೋಗುತ್ತದೆ. ಬಳೆಯ ಹತ್ತಿರ ದಾರಿ ಮುಚ್ಚಿದರೆ ಬಂದ ಕರೆಂಟು ಬರಲೇ ಇಲ್ಲ ಎಂದು ಲೆಕ್ಕ.

ಬೇರೆಯವರ ಕಣ್ಣಿಗೆ ಅದು ಬಂಡಿಯ ಬಿಡಿಭಾಗ. ಅಕ್ಕಸಾಲಿಯ ಕಣ್ಣಿಗೆ ಅದು ಬಳೆ. ಊರಿನ ಮದುವಣಗಿತ್ತಿಯರಿಗೆಲ್ಲ ಬಳೆ ಮಾಡಿಕೊಟ್ಟ ಕೈ ಅದು. ಅವನು ಒಂದೊಂದು ಅಚ್ಚಿನ ಬಳೆಯನ್ನೂ ಉಜ್ಜಿದ. ಹುಣಸೆಹಣ್ಣು ಹಾಕಿ ಉಜ್ಜಿದ, ಬಟ್ಟೆಯಲ್ಲಿ ಉಜ್ಜಿದ, ಅಂಗೈಯಲ್ಲಿ ಉಜ್ಜಿದ. ಕೊನೆಗೆ ಅದು ಕನ್ನಡಿಯಾಯಿತು. ನಾನು ಅದರ ಎದುರು ಕೂತು ಮುಖ ಕ್ಷೌರ ಮಾಡಿಕೊಂಡೆ. ದುಂಡಗಿನ ಕನ್ನಡಿಯಲ್ಲಿ ಅಂದಾಜು ತಪ್ಪಿತು. ನನ್ನ ಮೀಸೆ ಹೋದದ್ದು ಅಲ್ಲೇ.

ಮಳೆಗಾಲದ ಗಾಳಿಗೆ ತಾಮ್ರ ಕಪ್ಪಾಗುತ್ತದೆ. ತಾಮ್ರದ ಒಡವೆ ಮಾಡಿದಾಗ ಅದರ ಮೇಲೆ ಬಣ್ಣವಿಲ್ಲದ ಮೆರುಗೆಣ್ಣೆ ಹಚ್ಚುವುದು ಅವನ ಅಂಗಡಿಯ ಪದ್ಧತಿ. ಇದಕ್ಕೂ ಹಚ್ಚಿದ. ಒಣಗಿದ ಮೇಲೆ ಇನ್ನೊಮ್ಮೆ ಹಚ್ಚಿದ. ಪಕ್ಕದಲ್ಲಿ ತನ್ನ ಗುರುತು ಹಾಕಿದ. ಯಾರಿಗೂ ಹೇಳಲಿಲ್ಲ. ಬಚ್ಚಿಟ್ಟದ್ದಲ್ಲ. ಊಟವಾದ ಮೇಲೆ ಕೈ ತೊಳೆದೆ ಎಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ಓಡಿಸಿ ನೋಡುವ ದಿನ ಬಂತು. ಬಂಡಿಯ ತಲೆಯ ಮೇಲಿನ ಮಡಿಸುವ ಕೈಯನ್ನು ತಂತಿಗೆ ಏರಿಸಿದೆವು. ಹಿಡಿಕೆ ತಿರುಗಿಸಿದೆವು. ಬಂಡಿ ಅಲುಗಲಿಲ್ಲ. ಮುಂಗುಸಿ ಮಾತ್ರ ಕಿಟಕಿಯಿಂದ ಹೊರಗೆ ನೋಡಿ, ಊರು ಬಂದಿಲ್ಲ ಎಂದು ಒಳಗೆ ಹೋಯಿತು.

ಎಲ್ಲರೂ ಲೈನ್‌ಮನ್ ಕಡೆ ತಿರುಗಿದರು. ಕರೆಂಟು ಎಂದರೆ ಅವನೇ ತಾನೆ.

ಅಕ್ಕಸಾಲಿ ಹೇಳಿದ: “ಇವರು ಡ್ಯೂಟಿಯಲ್ಲಿದ್ದಾಗ ನಮ್ಮ ಬೀದಿಗೂ ಹೀಗೇ ಕರೆಂಟು ಕೊಡುತ್ತಿದ್ದರು.”

ಎಲ್ಲರೂ ನಕ್ಕರು. ಲೈನ್‌ಮನ್ ಕೂಡ ಸ್ವಲ್ಪ ನಕ್ಕ.

ಅವನು ಸೋಲುವ ಆಸಾಮಿಯಲ್ಲ. ಹಾಕಿದ ತಂತಿಗಳನ್ನೆಲ್ಲ ಹೊರಗೆಳೆದ. ಒಂದೊಂದನ್ನೂ ದೀಪ ಕಟ್ಟಿ ಪರೀಕ್ಷಿಸಿದ. ಪ್ರತಿ ತಂತಿಗೂ ದೀಪ ಹತ್ತಿತು. ಎಲ್ಲವನ್ನೂ ಮತ್ತೆ ಹಾಕಿದ. ರಜೆಯ ದಿನ ಸಾಲದೆಂದು ಕೆಲಸದ ದಿನವೂ ಬಂದ. ಕೊನೆಗೆ ಬಂಡಿಯ ಅಡಿಗೆ ತೆವಳಿ ಬಳೆಯ ಹತ್ತಿರ ಹೋದ. ಅಲ್ಲಿ ಅಕ್ಕಸಾಲಿಯ ಗುರುತು ಇತ್ತು.

“ಇದನ್ನೊಂದು ನೋಡಲೇ?” ಎಂದು ಕೇಳಿದ.

“ಕಣ್ಣಲ್ಲಿ ನೋಡಿ ಸ್ವಾಮಿ,” ಎಂದ ಅಕ್ಕಸಾಲಿ. “ಕೈ ಮಾತ್ರ ತಾಗಿಸಬೇಡಿ. ಬೆವರಿಗೆ ಕಲೆಯಾಗುತ್ತದೆ.”

ಲೈನ್‌ಮನ್ ಕಣ್ಣಲ್ಲಿ ನೋಡಿದ. ತಾಮ್ರ ಹೊಳೆಯುತ್ತಿತ್ತು. ನಿಯಮ ನಿಯಮವೇ. ಅವನು ಹೊರಗೆ ಬಂದ.

ಎರಡನೇ ಸಲ ಓಡಿಸಿ ನೋಡಿದೆವು. ಬಂಡಿ ಹಾಗೇ ನಿಂತಿತ್ತು. ಅಧಿಕಾರಿಯ ಜೊತೆ ಗುಜರಿಯವನೂ ಬಂದಿದ್ದ. ಅವನು ಎತ್ತು ಕೊಳ್ಳುವವನ ಹಾಗೆ ಬಂಡಿಯ ಮೈ ತಟ್ಟಿ ನೋಡಿದ. ಮಳೆಗಾಲದ್ದು ಒಂದೇ ಭಾನುವಾರ ಉಳಿದಿದೆ ಎಂದು ಅಧಿಕಾರಿ ಹೇಳಿದ.

ಲೈನ್‌ಮನ್ ಒಂದು ಬಟ್ಟೆ ಒದ್ದೆ ಮಾಡಿಕೊಂಡ. ಬಂಡಿಯ ಮೇಲಿನ ತನ್ನ ಗುರುತುಗಳನ್ನು ಒಂದೊಂದಾಗಿ ಒರೆಸತೊಡಗಿದ.

ಈ ಶೆಡ್ಡು ಬಿಟ್ಟು ಹೋಗುವವರು ಹೋಗುತ್ತಿದ್ದದ್ದೇ ಹಾಗೆ. ಹೇಳಿ ಹೋಗುತ್ತಿರಲಿಲ್ಲ. ತಮ್ಮ ಗುರುತು ಒರೆಸುತ್ತಿದ್ದರು. ಅವನ ಗುರುತು ಬಂಡಿಯ ತುಂಬ ಇತ್ತು. ಒರೆಸುವ ಕೆಲಸ ಬೇಗ ಮುಗಿಯುವಂತಿರಲಿಲ್ಲ. ಯಾರೂ ಅವನನ್ನು ತಡೆಯಲಿಲ್ಲ. ತಪ್ಪು ಅವನದೇ ಎಂದು ಎಲ್ಲರೂ ನಂಬಿದ್ದೆವು. ಅವನೂ ಅರ್ಧ ನಂಬಿದ್ದ.

ಅಕ್ಕಸಾಲಿ ನೀರು ಕುಡಿಯಲು ಹೋದ. ಶೆಡ್ಡಿನ ಮೂಲೆಯಲ್ಲಿ ಒಂದು ತಾಮ್ರದ ಬಿಂದಿಗೆ ಇತ್ತು. ಬಳೆಗಳನ್ನು ಉಜ್ಜಿದ ದಿನ, ಹುಣಸೆಹಣ್ಣು ಮಿಕ್ಕಿದೆ ಎಂದು ಆ ಬಿಂದಿಗೆಯನ್ನೂ ಉಜ್ಜಿಟ್ಟವನು ಅವನೇ. ಈಗ ಅದು ಮಳೆಯ ಗಾಳಿಗೆ ಕಪ್ಪಾಗಿತ್ತು. ಅವನು ಲೋಟವನ್ನು ಹಾಗೇ ಕೆಳಗಿಟ್ಟ. ಬಂಡಿಯ ಅಡಿಗೆ ತೆವಳಿದ. ಬಳೆಯನ್ನು ನೋಡಿದ.

ಬಳೆ ಮೊದಲ ದಿನದ ಹಾಗೇ ಹೊಳೆಯುತ್ತಿತ್ತು.

ಆ ಹೊಳಪನ್ನು ಅವನು ಬಂದವರಿಗೆಲ್ಲ ಕರೆದು ತೋರಿಸಿದ್ದ. ಈಗ ಅದನ್ನೇ ನೋಡುತ್ತ ಕೂತ. ಕಪ್ಪಾಗದ ತಾಮ್ರವನ್ನು ಗಾಳಿ ಮುಟ್ಟಿಲ್ಲ. ಗಾಳಿಯನ್ನೇ ಮುಟ್ಟಲು ಬಿಡದ ಮೆರುಗು ಕರೆಂಟನ್ನು ಬಿಟ್ಟೀತೇ? ಅವನು ಉಗುರಿನಿಂದ ಗೀರಿದ. ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಒಂದು ಪೊರೆ ಎದ್ದು ಬಂತು.

ಅವನ ತಲೆಯ ಮೇಲೆ, ಬಂಡಿಯೊಳಗೆ, ಲೈನ್‌ಮನ್ ನಡೆದಾಡುವುದು ಕೇಳಿಸುತ್ತಿತ್ತು. ಎರಡು ಹೆಜ್ಜೆ ಇಡುತ್ತಿದ್ದ, ನಿಲ್ಲುತ್ತಿದ್ದ, ಒರೆಸುತ್ತಿದ್ದ. ಮತ್ತೆ ಎರಡು ಹೆಜ್ಜೆ.

ಅಕ್ಕಸಾಲಿ ಯೋಚಿಸಿದ. ಹೇಳದೆ ತಾನೊಬ್ಬನೇ ಕೆರೆದುಬಿಟ್ಟರೆ? ಆಗುತ್ತಿರಲಿಲ್ಲ. ಬಳೆಯ ಸುತ್ತ ಕೈ ಆಡಬೇಕಾದರೆ ಕಾರ್ಬನ್ ತುಂಡು ಕೂರುವ ಗೂಡು ಕಳಚಬೇಕು, ಬಂಡಿಗೆ ಜಾಕಿ ಕೊಟ್ಟು ಎತ್ತಬೇಕು, ಗಾಲಿ ತಿರುಗಿಸಲು ಜನ ಬೇಕು. ಒಬ್ಬನೇ ಕೂತರೆ ಮುಂದಿನ ಮಳೆಗಾಲ ಬರುತ್ತಿತ್ತು. ಆಯಿತು, ಒಬ್ಬನಿಂದಲೇ ಆಗುತ್ತದೆ ಎಂದೇ ಇಟ್ಟುಕೊಳ್ಳೋಣ. ಬಂಡಿ ಓಡುತ್ತಿತ್ತು. ಲೈನ್‌ಮನ್ ಮನೆಯಲ್ಲಿ ಕೂತು, ತಾನು ಬಿಟ್ಟ ಮೇಲೆ ಓಡಿತು ಎಂಬ ಸುದ್ದಿ ಕೇಳುತ್ತಿದ್ದ.

ಅಕ್ಕಸಾಲಿ ಹೊರಗೆ ಬಂದ. ಮೊಣಕಾಲಿನ ಮಣ್ಣನ್ನೂ ಕೊಡವಲಿಲ್ಲ. ಎಲ್ಲರನ್ನೂ ಕರೆದ. ಅಧಿಕಾರಿ ಇನ್ನೂ ಇದ್ದ, ಗುಜರಿಯವನೂ ಇದ್ದ. ಅವರೆಲ್ಲರ ಮುಂದೆ ಬೆರಳು ಎತ್ತಿ, ಉಗುರಿಗೆ ಅಂಟಿದ್ದ ಪೊರೆಯನ್ನು ತೋರಿಸಿದ.

“ಇವರ ತಂತಿಯಲ್ಲಿ ತಪ್ಪಿಲ್ಲ,” ಎಂದ. “ದಾರಿ ಮುಚ್ಚಿದವನು ನಾನು. ಬಳೆಗಳಿಗೆಲ್ಲ ಮೆರುಗೆಣ್ಣೆ ಹಚ್ಚಿದ್ದೇನೆ.”

ಯಾರೂ ನಗಲಿಲ್ಲ.

ಲೈನ್‌ಮನ್ ಬಂಡಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒದ್ದೆ ಬಟ್ಟೆ ಇತ್ತು. “ಎಷ್ಟು ಸಲ ಹಚ್ಚಿದಿರಿ?” ಎಂದು ಕೇಳಿದ.

“ಮನಸ್ಸಿಗೆ ತೃಪ್ತಿಯಾಗುವವರೆಗೆ,” ಎಂದ ಅಕ್ಕಸಾಲಿ.

ಲೈನ್‌ಮನ್ ಬಟ್ಟೆಯನ್ನು ಹಿಂಡಿ ಕಂಬಿಗೆ ಒಣಹಾಕಿದ. ಕೆಳಗಿಳಿದು ಬಂದ.

ಆ ವಾರ ಯಾರೂ ಮನೆಯ ಕೆಲಸ ಮಾಡಲಿಲ್ಲ. ಜಾಕಿ ಕೊಟ್ಟು ಬಂಡಿಯನ್ನು ಎತ್ತಿದೆವು. ಅಧಿಕಾರಿಯವರ ಮೇಲೆ ಗೌರವವಿರಲಿ ಎಂದು ನಾನು ಜಾಕಿ ಬಳಸಿದೆ, ಇಲ್ಲದಿದ್ದರೆ ಹೆಗಲೇ ಸಾಕಿತ್ತು. ಅಕ್ಕಸಾಲಿ ತಾನು ಮಾಡಿದ ಹೊಳಪನ್ನು ತನ್ನ ಕೈಯಿಂದಲೇ ಕೆರೆದ. ಕನ್ನಡಿಯಾಗಿದ್ದ ತಾಮ್ರ ಮಂಕಾಯಿತು, ಗೀರುಗೀರಾಯಿತು. ಒಂದೊಂದು ಬಳೆ ಮುಗಿದಾಗಲೂ ಅವನು ಲೈನ್‌ಮನ್‌ನನ್ನು ಕರೆದು, “ಮುಟ್ಟಿ ನೋಡಿ ಸ್ವಾಮಿ,” ಎನ್ನುತ್ತಿದ್ದ. ಲೈನ್‌ಮನ್ ಮುಟ್ಟಿ ನೋಡಿ, ದೀಪ ಹತ್ತಿಸಿ ನೋಡಿ, ಅಕ್ಕಸಾಲಿಯ ಗುರುತಿನ ಪಕ್ಕದಲ್ಲಿ ತನ್ನದೊಂದು ಗುರುತು ಹಾಕುತ್ತಿದ್ದ. ನಮ್ಮ ಎರಡನೇ ಗುರುತು ಶುರುವಾದದ್ದು ಹೀಗೆ. ಯಾರೂ ಕೂತು ನಿಯಮ ಮಾಡಲಿಲ್ಲ.

ಭಾನುವಾರ ಹಿಡಿಕೆ ತಿರುಗಿಸಿದೆವು. ಬಂಡಿ ಒಮ್ಮೆ ಗೊಣಗಿತು. ಆಮೇಲೆ ಹೊರಟಿತು. ಕಾಂಪೌಂಡಿನ ಕೊನೆಯವರೆಗೆ ಹೋಗಿ ಹಿಂದಕ್ಕೆ ಬಂತು. ಗುಜರಿಯವನು ಟಿಕೆಟ್ಟು ಎಲ್ಲಿ ಕೊಡುತ್ತಾರೆ ಎಂದು ಕೇಳಿದ. ಮುಂಗುಸಿ ಎದ್ದು, ಹೆಂಡತಿ ಮಕ್ಕಳನ್ನು ಕರೆದುಕೊಂಡು, ಮೊದಲನೇ ದರ್ಜೆಗೆ ಹೋಗಿ ಕೂತಿತು.

ಕತೆ ಮುಗಿಯಿತು. ಶೆಡ್ಡಿನ ಹೊರಗೆ ಉಳಿದವರು ಬುತ್ತಿ ಬಿಚ್ಚುತ್ತಿದ್ದರು. ಗುರುಶಾಂತ ಯಾರನ್ನೋ ಆಡಿಕೊಳ್ಳುತ್ತಿದ್ದ. ಅವನ ದನಿ ಇಲ್ಲಿಗೂ ಕೇಳಿಸುತ್ತಿತ್ತು.

ಜಲಜಾಕ್ಷಿ ಅಂಗೈಯ ವಾಷರನ್ನು ನೋಡಿದಳು. ಸೀಮೆಸುಣ್ಣವನ್ನು ಪೆಟ್ಟಿಗೆಯ ಮೇಲೆ ಇಟ್ಟಳು. ಗೂಟದಲ್ಲಿ ನೇತುಹಾಕಿದ್ದ ಸ್ಪ್ಯಾನರ್ ತೆಗೆದುಕೊಂಡಳು. ಬಾಗಿಲವರೆಗೆ ಹೋದವಳು ನಿಂತಳು.

“ಮುಂಗುಸಿಯದು ನೀವು ಕಟ್ಟಿದ್ದು ತಾನೆ ಮಾವ?”

“ಮುಂಗುಸಿಯ ಮೇಲೆ ಸಂಶಯಪಡಬೇಡ. ಅದರ ಮೊಮ್ಮಕ್ಕಳು ಇಲ್ಲೇ ಇದ್ದಾರೆ, ನೊಂದುಕೊಳ್ಳುತ್ತಾರೆ.”

“ಸೀನಿದ್ದು?”

“ಬೇಕಾದರೆ ಈಗಲೇ ಸೀನುತ್ತೇನೆ. ಶೆಡ್ಡಿಗೆ ಏನಾದರೂ ಆದರೆ ನನ್ನನ್ನು ಕೇಳಬಾರದು.”

ಅವಳು ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಹೊರಗೆ ಗುರುಶಾಂತನ ಮಾತಿಗೆ ಎಲ್ಲರೂ ಗೊಳ್ಳೆಂದರು. ಅದು ನಿಲ್ಲುವವರೆಗೆ ಕಾದಳು. ಆಮೇಲೆ, ನನ್ನ ಕಡೆ ತಿರುಗದೆ, ಮೆಲ್ಲಗೆ ಕೇಳಿದಳು.

“ಅಕ್ಕಸಾಲಿ ಹೇಳಿದಾಗ ಒಬ್ಬರೂ ನಗಲಿಲ್ಲವೇ ಮಾವ? ನಿಜವಾಗಿಯೂ?”

ನಾನು ಮೀಸೆ ಇದ್ದ ಜಾಗವನ್ನು ಸವರಿಕೊಂಡೆ.

“ಅದೊಂದು ಮಾತ್ರ ನಾನು ಸೇರಿಸಿದ್ದು ಕಣಮ್ಮ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುನಗುತ್ತಲೇ ಕೆರೆಯಲು ಉಪ್ಪುಕಾಗದ ಎಲ್ಲಿದೆ ಎಂದು ಕೇಳಿದರು.”